ವಾಯುಭಾರ ಕುಸಿತ



ಸಂಜೆಯ ವಾರ್ತೆ ಮುಗಿದು ಹವಾಮಾನ ಓದುವಾಗ ಒಂದು ವಾಕ್ಯ ಬರುತ್ತದೆ: ‘ಅಂಡಮಾನ್ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಗಿದ್ದು...’ ನವೆಂಬರ್, ಡಿಸೆಂಬರಿನಲ್ಲಿ ರೇಡಿಯೋ ಕೇಳುವವರಿಗೆ ಇದು ಬಾಯಿಪಾಠ. ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿರುವ ನಮ್ಮ ಮನೆಯಲ್ಲಿ, ಆ ವಾಕ್ಯ ಪೂರ್ತಿಯಾಗುವುದರೊಳಗೆ ಅಪ್ಪ ಎದ್ದು ಅಂಗಳಕ್ಕಿಳಿದಿರುತ್ತಿದ್ದರು. ಅಂಗಳದಲ್ಲಿ ಅಡಿಕೆ ಹರಡಿರುತ್ತಿತ್ತು. ಕತ್ತಲಲ್ಲಿ ತಾಡಪಾಲು ಎಳೆಯುವ ಸದ್ದು, ‘ಆ ತುದಿ ಹಿಡ್ಕೋ ಮಾರಾಯ’ ಎಂಬ ಕೂಗು. ಶಾಲೆಯ ಪುಸ್ತಕದಲ್ಲಿ ಅಂಡಮಾನ್ ಅಂದರೆ ಕರಿನೀರು, ಸೆಲ್ಯುಲರ್ ಜೈಲು. ನನಗೆ ಅದು ಅಡಿಕೆ ನೆನೆಸುವ ಮಳೆ ಹುಟ್ಟುವ ಜಾಗ.

2016ರ ಡಿಸೆಂಬರಿನಲ್ಲಿ ನಾನು ಆ ವಾಕ್ಯದ ಒಳಗೇ ಹೋಗಿ ಸಿಕ್ಕಿಕೊಂಡೆ.

ಆಗ ನನಗೆ ಇಪ್ಪತ್ತೇಳು. ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಪುಟ ಕಟ್ಟುವ ಕೆಲಸ. ಈ ಕೆಲಸ ಮಾಡುವವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ, ಎಲ್ಲವೂ ಚೌಕಟ್ಟಿನೊಳಗೆ ಕೂರಬೇಕು. ಹತ್ತು ದಿನದ ಅಂಡಮಾನ್ ಪ್ರವಾಸವನ್ನೂ ನಾನು ಒಂದೇ ಹಾಳೆಯಲ್ಲಿ, ಕಾಲಂ ಎಳೆದು, ಕೂರಿಸಿದ್ದೆ. 3ನೇ ತಾರೀಕು ಪೋರ್ಟ್ ಬ್ಲೇರ್. 4ಕ್ಕೆ ಹ್ಯಾವ್ಲಾಕ್ ದ್ವೀಪ. 6ಕ್ಕೆ ಅಲ್ಲಿಂದ ನೀಲ್ ದ್ವೀಪ, 7ಕ್ಕೆ ವಾಪಸ್. 8ರ ನಸುಕಿಗೆ ಬಸ್ಸು ಹತ್ತಿ, ಜಾರವಾ ಜನರ ಕಾಡಿನ ನಡುವೆ ಹಾದುಹೋಗುವ ರಸ್ತೆಯಲ್ಲಿ, ಉತ್ತರದ ತುದಿಯ ದಿಗ್ಲಿಪುರಕ್ಕೆ. ಅಲ್ಲಿ 730 ಮೀಟರ್ ದಾಟುವ ಸ್ಯಾಡಲ್ ಪೀಕ್ ಹತ್ತುವುದು, ಕಾಲಿಪುರದ ಮರಳಲ್ಲಿ ಮೊಟ್ಟೆಯಿಡಲು ಬರುವ ಆಮೆಗಳನ್ನು ನೋಡುವುದು. 12ಕ್ಕೆ ಚೆನ್ನೈ ವಿಮಾನ, ರಾತ್ರಿ ರೈಲು, 13ರ ಬೆಳಿಗ್ಗೆ ಕೆಲಸಕ್ಕೆ ಹಾಜರು. ಕಾಲಂನ ಕೊನೆಗೆ ಒಂದು ಗೆರೆಯಷ್ಟೂ ಜಾಗ ಖಾಲಿ ಬಿಟ್ಟಿರಲಿಲ್ಲ. ಪುಟ ಕಟ್ಟುವವನಾಗಿ ಹೆಮ್ಮೆ ಪಡಬೇಕಾದ ಹಾಳೆ ಅದು.

ಬ್ಯಾಕ್‌ಪ್ಯಾಕಿಂಗ್ ಎಂಬ ಮಾತು ಆಗ ಗೆಳೆಯರ ಬಾಯಲ್ಲಿ ಓಡಾಡುತ್ತಿತ್ತು. ಬೆನ್ನಿಗೊಂದು ಚೀಲ, ಸರ್ಕಾರಿ ಬಸ್ಸು, ಸರ್ಕಾರಿ ಬೋಟು, ಸಿಕ್ಕಿದಲ್ಲಿ ಊಟ, ಸಿಕ್ಕಿದಲ್ಲಿ ನಿದ್ದೆ. ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ನಮ್ಮ ಕಾಲದಲ್ಲಿ ಇದಕ್ಕೆ ಪರಸ್ಥಳಕ್ಕೆ ಹೋಗೋದು ಅಂತಿದ್ರು’ ಅಂದರು. ಆಮೇಲೆ, ‘ಡಿಸೆಂಬರಲ್ಲಿ ಅಲ್ಲಿ ವಾಯುಭಾರ ಕುಸಿತ ಆಗ್ತದಲ್ಲ?’ ಅಂತ ಕೇಳಿದರು. ನಾನು ನಕ್ಕೆ. ಸೀಸನ್ ಅಪ್ಪ, ಇಡೀ ಜಗತ್ತೇ ಡಿಸೆಂಬರಲ್ಲಿ ಅಲ್ಲಿಗೆ ಹೋಗೋದು, ಅಂದೆ.

ಇಬ್ಬರ ಮಾತೂ ನಿಜವೇ ಆಗಿತ್ತು. ಅಂಡಮಾನಿಗೆ ಎರಡೂ ಮಳೆಗಾಲ ತಟ್ಟುತ್ತವೆ. ಮೇ ತಿಂಗಳಲ್ಲಿ ಮುಂಗಾರು ನಮಗಿಂತ ಮೊದಲು ಅಲ್ಲಿಗೆ ಹೋಗುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು, ಅದರ ಜೊತೆಗೆ ಈ ಕುಸಿತಗಳು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಚಿತ್ರಗಳಲ್ಲಿ ಕಾಣುವ ಹಸಿರು ಬಿಸಿಲಿನಿಂದ ಬಂದದ್ದಲ್ಲ.

ಹ್ಯಾವ್ಲಾಕ್ ಬಗ್ಗೆ ಒಂದೆರಡು ಮಾತು ಹೇಳಬೇಕು. ಪೋರ್ಟ್ ಬ್ಲೇರಿನಿಂದ ಸುಮಾರು 40 ಕಿಲೋಮೀಟರ್, ಸರ್ಕಾರಿ ಬೋಟಿನಲ್ಲಿ ಎರಡೂವರೆ ಗಂಟೆ. 1857ರ ದಂಗೆಯನ್ನು ಅಡಗಿಸಿದ ಇಂಗ್ಲಿಷ್ ದಂಡನಾಯಕನ ಹೆಸರು ಅದಕ್ಕಿತ್ತು. 2018ರ ಡಿಸೆಂಬರಿನಲ್ಲಿ ಸ್ವರಾಜ್ ದ್ವೀಪ ಎಂದು ಬದಲಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು. ಪೋರ್ಟ್ ಬ್ಲೇರೇ ಈಗ ಶ್ರೀ ವಿಜಯಪುರಂ. ನಾನು ಹೋದಾಗಿನ ಹೆಸರುಗಳಲ್ಲೇ ಹೇಳುತ್ತಿದ್ದೇನೆ, ಕ್ಷಮಿಸಿ. ದ್ವೀಪದ ಒಳಗಿನ ಊರುಗಳಿಗೆ ಇಂಗ್ಲಿಷಿನ ಗಾಳಿಯೂ ತಾಕಿಲ್ಲ: ಗೋವಿಂದ ನಗರ, ವಿಜಯ ನಗರ, ಶ್ಯಾಮ್ ನಗರ, ಕೃಷ್ಣ ನಗರ, ರಾಧಾ ನಗರ. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಓಡಿಬಂದ ಹಿಂದೂ ಕುಟುಂಬಗಳನ್ನು ಸರ್ಕಾರ 1949ರಿಂದ ಅಂಡಮಾನಿಗೆ ತಂದು ನೆಲೆಗೊಳಿಸಿತು. ಹ್ಯಾವ್ಲಾಕಿಗೆ ಅವರು ಬಂದದ್ದು 1950ರ ದಶಕದಲ್ಲಿ. ಕಾಡು ಕಡಿದು, ದೇವರ ಹೆಸರಿಟ್ಟು, ಊರು ಮಾಡಿಕೊಂಡರು. ಆದರೆ ದಿನಬಳಕೆಯ ಮಾತಿನಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ. ‘ತೀನ್ ನಂಬರ್’ ಅಂದರೆ ಬಜಾರು, ‘ಪಾಂಚ್ ನಂಬರ್’ ಅಂದರೆ ವಿಜಯ ನಗರ, ‘ಸಾತ್ ನಂಬರ್’ ಅಂದರೆ ಪ್ರಸಿದ್ಧ ರಾಧಾನಗರ ಕಡಲತೀರ.

ಭಾನುವಾರ 4ರಂದು ನಾನು ಇಳಿದಾಗ ಮೋಡವಿತ್ತು, ಗಾಳಿಯಿರಲಿಲ್ಲ. ಮೂರನೇ ನಂಬರಿನಿಂದ ಐದಕ್ಕೆ ಹೋಗುವ ದಾರಿಯ ಪಕ್ಕ, ಒಂದು ಅಡಿಕೆ ತೋಟದ ಅಂಚಿಗೆ, ಮೂರು ಬಿದಿರಿನ ಗುಡಿಸಲುಗಳಿದ್ದವು. ದಿನಕ್ಕೆ 400 ರೂಪಾಯಿ. ಮನೆಯೊಡತಿ ಎಪ್ಪತ್ತರ ಹತ್ತಿರದ ಹೆಂಗಸು. ಎಲ್ಲರೂ ‘ಮಾಸಿಮಾ’ ಎನ್ನುತ್ತಿದ್ದರು, ಬಂಗಾಳಿಯಲ್ಲಿ ಚಿಕ್ಕಮ್ಮ ಅಂದ ಹಾಗೆ. ನಾನೂ ಹಾಗೇ ಕರೆದೆ. ಅವರು ನನ್ನನ್ನು ‘ಬಾಬಾ’ ಎಂದರು. ಕಿರಿಯರನ್ನು ಅಪ್ಪ ಎಂದು ಕರೆಯುವ ರೂಢಿ ನಮ್ಮಲ್ಲೂ ಇದೆಯಲ್ಲ. ಅಂಗಳದಲ್ಲಿ ಹಣ್ಣಡಿಕೆ ಹರಡಿತ್ತು. ಬೆನ್ನಿನ ಚೀಲ ಇಳಿಸುವ ಮೊದಲೇ ನನ್ನ ಕಣ್ಣು ಅಲ್ಲಿಗೆ ಹೋಯಿತು.

ಆ ರಾತ್ರಿ ಮಳೆ ಹಿಡಿಯಿತು. ಸೋಮವಾರ ಇಡೀ ದಿನ ಬಿತ್ತು. ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ನಮ್ಮವನಲ್ಲ; ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಮುಳುಗುತ್ತಾನೆ. ಮೋಡವಿದ್ದರೆ ನಾಲ್ಕಕ್ಕೇ ಕತ್ತಲು. ರಾಧಾನಗರದ ಸೂರ್ಯಾಸ್ತ ಎಂದು ನನ್ನ ಹಾಳೆಯಲ್ಲಿ ಬರೆದಿದ್ದ ಚೌಕದಲ್ಲಿ ಆವತ್ತು ನಾನು ಗುಡಿಸಲಿನ ಸೋರುವ ಮೂಲೆಗೆ ಬಕೆಟ್ ಇಡುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಚೀಲ ಕಟ್ಟಿಕೊಂಡು ಜೆಟ್ಟಿಗೆ ಹೋದರೆ ಬೋಟಿಲ್ಲ. ಸರ್ಕಾರಿಯದೂ ಇಲ್ಲ, ಖಾಸಗಿಯದೂ ಇಲ್ಲ. ನೂರಾರು ಜನ ಚಕ್ರದ ಸೂಟ್‌ಕೇಸುಗಳ ಜೊತೆ ನೆನೆಯುತ್ತ ನಿಂತಿದ್ದರು. ಒಬ್ಬರು ಟಿಕೆಟ್ ಕಿಟಕಿಯ ಹತ್ತಿರ ಕೂಗಾಡುತ್ತಿದ್ದರು: ಮಧ್ಯಾಹ್ನಕ್ಕೆ ನಮ್ಮ ವಿಮಾನ ಇದೆ, ಯಾರು ಜವಾಬ್ದಾರರು? ಒಳಗಿದ್ದಾತ ತುಂಬ ಸಮಾಧಾನದ ಮನುಷ್ಯ. ‘ಸಮುದ್ರದ ಹತ್ತಿರ ಹೇಳಿ ನೋಡಿ ಸರ್’ ಅಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಪಕ್ಕದಲ್ಲಿ, ದ್ವೀಪದವರ ಪಾಸು ಹಿಡಿದು ನಿಂತ ಊರಿನವರೂ ಇದ್ದರು. ಅವರ ಸಾಲು ಬೇರೆ, ಟಿಕೆಟಿನ ದರವೂ ಕಡಿಮೆ. ಒಬ್ಬಾಕೆ ತಪಾಸಣೆಗೆ ಹೋಗಬೇಕಾದ ತುಂಬು ಬಸುರಿ. ಬೋಟಿಲ್ಲ ಎಂದು ತಿಳಿದದ್ದೇ ಅವರೆಲ್ಲ ಕೊಡೆ ಬಿಚ್ಚಿ ಮನೆಗೆ ಹೊರಟುಬಿಟ್ಟರು. ನಾವು ಮಾತ್ರ ನಿಂತೇ ಇದ್ದೆವು, ನಿಂತರೆ ಬೋಟು ಬರುತ್ತದೆ ಎಂಬಂತೆ.

ನನಗಾದರೂ ಅದು ಗೊತ್ತಿರಬೇಕಿತ್ತು. ನಾನು ಹಿನ್ನೀರು ದಾಟಿಸುವ ಲಾಂಚಿನ ಊರಿನವ. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಆಗಿ ಲಾಂಚಿನ ಕಾಲ ಮುಗಿಯಿತು. ನನ್ನ ಬಾಲ್ಯವೆಲ್ಲ ಹೊಳೆಬಾಗಿಲಿನಲ್ಲಿ ಲಾಂಚು ಕಾಯುವುದರಲ್ಲೇ ಕಳೆದದ್ದು. ಗಾಳಿ ಜೋರಾದರೆ ಲಾಂಚಿಲ್ಲ, ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಲ್ಲ. ಬೆಂಗಳೂರಿನ ಎಂಟು ವರ್ಷ ಅದನ್ನು ನನ್ನಿಂದ ಪೂರ್ತಿ ಮರೆಸಿತ್ತು.

ಇನ್ನು ದುಡ್ಡಿನ ಸಂಗತಿ. ಅದು ನೋಟು ಅಮಾನ್ಯವಾಗಿ ತಿಂಗಳು ತುಂಬುತ್ತಿದ್ದ ಹೊತ್ತು. ಎಟಿಎಂನಲ್ಲಿ ದಿನಕ್ಕೆ 2500 ರೂಪಾಯಿಯ ಮಿತಿ. ಅದೂ ಯಂತ್ರದಲ್ಲಿ ದುಡ್ಡಿದ್ದರೆ. ಬಜಾರಿನ ಯಂತ್ರದ ಮುಂದೆ ಸಾಲು, ಸಾಲಿನ ತುದಿಗೆ ಖಾಲಿ ಪೆಟ್ಟಿಗೆ. ನನ್ನ ಹತ್ತಿರ ಇದ್ದದ್ದು ಒಂದು ಗುಲಾಬಿ ಬಣ್ಣದ 2000ದ ನೋಟು ಮತ್ತು ನೂರಿಪ್ಪತ್ತು ರೂಪಾಯಿ ಚಿಲ್ಲರೆ. ಆ ನೋಟನ್ನು ಹಿಡಿದು ನಾನು ಐದು ಅಂಗಡಿ ಸುತ್ತಿದೆ. ಎಲ್ಲರೂ ಅದನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು ಮೆಚ್ಚಿ, ವಾಪಸು ಕೊಟ್ಟರು. ಕಾರ್ಡು ಉಜ್ಜುವ ಯಂತ್ರಕ್ಕೆ ನೆಟ್‌ವರ್ಕ್ ಬೇಕಲ್ಲ! ಆಗ ಅಂಡಮಾನಿನ ಇಂಟರ್ನೆಟ್ಟೆಲ್ಲ ಉಪಗ್ರಹದ ಮೂಲಕ. ಚೆನ್ನೈಯಿಂದ ಸಮುದ್ರದಡಿಯಲ್ಲಿ ಸುಮಾರು 2300 ಕಿಲೋಮೀಟರ್ ಕೇಬಲ್ ಎಳೆದು ಮುಗಿಸಿದ್ದು 2020ರ ಆಗಸ್ಟಿನಲ್ಲಿ. ಮಳೆಯಲ್ಲಿ ಫೋನು ಬರೀ ಟಾರ್ಚಾಗಿತ್ತು. ಕರೆಂಟು ಹೋದ ಮೇಲೆ ಅದೂ ಇಲ್ಲ.

ಮಾಸಿಮಾ ಹತ್ತಿರ ಹೋಗಿ ನನ್ನ ಸ್ಥಿತಿ ಹೇಳಿಕೊಂಡೆ. ಅವರು ಒಳಗಿಂದ ಒಂದು ಬರೆಯುವ ಪುಸ್ತಕ ತಂದು, ನನ್ನ ಹೆಸರು ಕೇಳಿ, ಬಂಗಾಳಿಯಲ್ಲಿ ಬರೆದುಕೊಂಡರು. ‘ಹಡಗು ಬಂದಾಗ ಲೆಕ್ಕ’ ಅಂದರು. ಅವರ ಹಿಂದಿ ನನ್ನದರಷ್ಟೇ ಕೆಟ್ಟದಾಗಿತ್ತು. ಹಾಗಾಗಿ ನಮಗಿಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು.

ಅಡಿಕೆಯ ವಿಷಯಕ್ಕೆ ಬರುತ್ತೇನೆ. ಅಂಗಳದ ಅಡಿಕೆಯನ್ನು ಭಾನುವಾರ ರಾತ್ರಿಯೇ ಜಗುಲಿಗೆ ಎಳೆದಿದ್ದರು. ಆದರೆ ಜಗುಲಿಗೆ ಎರಡು ಕಡೆಯಿಂದ ಎರಚಲು. ಮೂರನೇ ದಿನಕ್ಕೆ ಬೂಸಿನ ವಾಸನೆ ಶುರುವಾಯಿತು. ಆ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತು, ಹೇಳಿ ತಿಳಿಸುವಂಥದ್ದಲ್ಲ. ಬೆಂಗಳೂರಿನ ನಾಲ್ಕನೇ ಮಹಡಿಯಲ್ಲಿ ಕೂತು ಮರೆತಿದ್ದ ವಾಸನೆ ಸಮುದ್ರದ ನಟ್ಟನಡುವೆ ಮೂಗಿಗೆ ಬಡಿಯಿತು, ನನ್ನ ಕೈ ತಾನಾಗಿಯೇ ಕೆಲಸಕ್ಕೆ ಇಳಿಯಿತು. ತಿರುವಿ ಹಾಕಿದೆ, ಮೆತ್ತಗಾದವನ್ನು ಬೇರೆ ಮಾಡಿದೆ. ಅಡುಗೆ ಒಲೆಯ ಮೇಲೆ ಬಿದಿರಿನ ಅಟ್ಟವೊಂದಿತ್ತು, ಒಣಮೀನು ಇಡುವುದಕ್ಕೆ. ಅದರ ಮೇಲೆ ಅಡಿಕೆ ಹರಡಬಹುದಲ್ಲ ಎಂದು ಕೈಸನ್ನೆ ಮಾಡಿ ತೋರಿಸಿದೆ. ಮಾಸಿಮಾ ಕಣ್ಣು ಕಿರಿದು ಮಾಡಿ ನೋಡಿದರು. ‘ನಿನ್ನ ಮನೇಲಿ ಸುಪಾರಿ ಉಂಟಾ?’

ಉಂಟು ಅಂದೆ. ಅಲ್ಲಿಂದ ಮುಂದೆ ನಾನು ಟೂರಿಸ್ಟ್ ಅಲ್ಲ.

ಆ ದಿನಗಳಲ್ಲಿ ನಾವು ಬಹಳ ಮಾತಾಡಿದೆವು, ಬಹುಪಾಲು ಅಡಿಕೆಯದೇ. ಕೊಯ್ಯಲು ಜನ ಸಿಗುವುದಿಲ್ಲ, ಮರ ಹತ್ತುವ ಹುಡುಗರೆಲ್ಲ ಟೂರಿಸ್ಟರನ್ನು ನೀರಿನಡಿ ಇಳಿಸುವ ಕೆಲಸಕ್ಕೆ ಹೋಗಿದ್ದಾರೆ, ಅಂದರು. ನಮ್ಮಲ್ಲೂ ಜನ ಸಿಗುವುದಿಲ್ಲ, ಹುಡುಗರೆಲ್ಲ ಬೆಂಗಳೂರಿಗೆ ಹೋಗಿದ್ದಾರೆ ಅಂದೆ, ನಾನೇ ಅದರಲ್ಲಿ ಒಬ್ಬ ಎಂಬುದನ್ನು ನುಂಗಿಕೊಂಡು. ಅಲ್ಲಿನ ಅಡಿಕೆ ಹಡಗಿನಲ್ಲಿ ಮೇನ್‌ಲ್ಯಾಂಡಿಗೆ ಹೋಗಬೇಕು. ಮೇನ್‌ಲ್ಯಾಂಡ್ ಎಂಬ ಮಾತು ಅವರ ಬಾಯಲ್ಲಿ ಬೇರೆ ದೇಶದ ಹೆಸರಿನಂತೆ ಕೇಳುತ್ತಿತ್ತು. ಅವರು ಐದು ವರ್ಷದವರಿದ್ದಾಗ ಪೂರ್ವ ಬಂಗಾಳದ ಬಾರಿಸಾಲ್ ಕಡೆಯಿಂದ ಹೊರಟು, ಕಲ್ಕತ್ತೆಯ ಶಿಬಿರದಲ್ಲಿದ್ದು, ಹಡಗು ಹತ್ತಿ ಬಂದವರು. ಸರ್ಕಾರ ಕುಟುಂಬಕ್ಕೆ ಹತ್ತು ಎಕರೆ ಕೊಟ್ಟಿತ್ತು, ಐದು ಗದ್ದೆಗೆ, ಐದು ಗುಡ್ಡ. ಗದ್ದೆ ಅಂದರೆ ಗದ್ದೆಯಲ್ಲ, ನಾಲ್ಕಾಳು ತಬ್ಬುವ ಮರಗಳ ಕಾಡು. ಅವರ ಅಪ್ಪ ಮೊದಲ ವರ್ಷ ದಿನಾ ಸಂಜೆ ಕಡಲ ಹತ್ತಿರ ಹೋಗಿ ನಿಲ್ಲುತ್ತಿದ್ದರಂತೆ, ವಾಪಸು ಹೋಗುವ ಹಡಗು ಬರುತ್ತದೇನೋ ಎಂದು.

ನಾನು ನಮ್ಮ ಮುಳುಗಡೆಯ ಕಥೆ ಹೇಳಿದೆ. ಲಿಂಗನಮಕ್ಕಿ ಅಣೆಕಟ್ಟು, 1964, ಅಜ್ಜನ ತೋಟ ನೀರೊಳಗೆ ಹೋದದ್ದು. ಈ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ, ಬೇಸಿಗೆಯಲ್ಲಿ ಹಳೇ ದೇವಸ್ಥಾನ ಕಾಣುತ್ತದಾ ಅಂತ ಕೇಳುತ್ತಾರೆ. ಮಾಸಿಮಾ ಕೇಳಿದ್ದು ಬೇರೆ: ‘ಎಷ್ಟು ಎಕರೆ ಕೊಟ್ಟರು? ಪಟ್ಟಾ ಆಯಿತಾ?’

ಪಟ್ಟಾ ಪೂರ್ತಿ ಆಗಿಲ್ಲ ಅಂದೆ. ಅವರು ತಲೆಯಾಡಿಸಿ ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದರು.

ಊಟದಲ್ಲಿ ಬುಧವಾರದಿಂದ ಆಲೂಗಡ್ಡೆ, ಈರುಳ್ಳಿ ಇಲ್ಲವಾಯಿತು. ಅವು ಬೋಟಿನಲ್ಲಿ ಬರಬೇಕು. ಮೀನೂ ಇಲ್ಲ, ಕಡಲಿಗೆ ಇಳಿಯುವವರಿಲ್ಲ. ಬಾಳೆಕಾಯಿ, ಪಪ್ಪಾಯಿಕಾಯಿ, ಕುಂಬಳಕಾಯಿ, ತೊಗರಿಯಲ್ಲದ ಯಾವುದೋ ಕೆಂಪು ಬೇಳೆ. ಹಿತ್ತಲಿನಲ್ಲಿ ಬೆಳೆಯುವುದೆಲ್ಲ ಸರದಿಯ ಮೇಲೆ ತಟ್ಟೆಗೆ ಬಂತು. ಪಕ್ಕದ ಗುಡಿಸಲಿನಲ್ಲಿದ್ದ ಪರದೇಶದ ಇಬ್ಬರು ಹುಡುಗಿಯರು ಅಡಿಕೆ ಆರಿಸಲು ನನ್ನ ಜೊತೆ ಕೂತರು, ತಮಾಷೆಗೆ ಒಂದು ಚೂರು ಬಾಯಿಗೆ ಹಾಕಿಕೊಂಡು ತಲೆತಿರುಗಿ ಅರ್ಧ ಗಂಟೆ ಮಲಗಿದರು. ಮಾಸಿಮಾ ಮನಸಾರೆ ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ.

ಸುದ್ದಿ ಬರುತ್ತಿದ್ದದ್ದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಟ್ರಾನ್ಸಿಸ್ಟರಿನಿಂದ. ಮಂಗಳವಾರ ಬೆಳಿಗ್ಗೆ ಜಯಲಲಿತಾ ತೀರಿಕೊಂಡರೆಂದು ಅದೇ ಹೇಳಿತು, ತಮಿಳರ ಅಂಗಡಿಗಳು ಬಾಗಿಲು ಹಾಕಿದವು. ಬುಧವಾರ, ನೌಕಾಪಡೆಯ ನಾಲ್ಕು ಹಡಗು ಹೊರಟಿವೆ ಎಂದಿತು. ಅವು ಬಂದದ್ದೂ ಹೌದು, ಆದರೆ ಅಲೆಯ ಅಬ್ಬರಕ್ಕೆ ದಡಕ್ಕೆ ಬರಲಾಗದೆ ದೂರದಲ್ಲೇ ನಿಂತವು. ಅವುಗಳ ಹೆಸರು ಕೇಳಿ ನನಗೊಂದು ಖುಷಿ: ಒಂದು ‘ಬಿತ್ರಾ’, ಇನ್ನೊಂದು ‘ಬಂಗಾರಂ’. ಎರಡೂ ನಮ್ಮ ಅರಬ್ಬೀ ಸಮುದ್ರದ ಲಕ್ಷದ್ವೀಪದಲ್ಲಿರುವ ದ್ವೀಪಗಳ ಹೆಸರು. ದ್ವೀಪದಲ್ಲಿ ಸಿಕ್ಕಿಬಿದ್ದವರನ್ನು ಕರೆದೊಯ್ಯಲು ಇನ್ನೆರಡು ದ್ವೀಪಗಳೇ ತೇಲಿ ಬಂದ ಹಾಗೆ. ಗುರುವಾರ, ನಮ್ಮ ತಲೆಯ ಮೇಲೆ ಕೂತಿದ್ದ ಕುಸಿತ ಚಂಡಮಾರುತವಾಗಿದೆ, ಅದಕ್ಕೆ ವರ್ದಾ ಎಂದು ಹೆಸರು ಎಂದಿತು ರೇಡಿಯೋ. ಹೆಸರು ಪಾಕಿಸ್ತಾನ ಕೊಟ್ಟದ್ದು, ಅರ್ಥ, ಗುಲಾಬಿ. ನನ್ನ ಜೇಬಿನಲ್ಲಿದ್ದ ನೋಟಿನ ಬಣ್ಣವೂ ಅದೇ.

ಇಷ್ಟು ದಿನ ಒಂದು ಕಡಲತೀರವನ್ನಾದರೂ ನೋಡಿದೆಯಾ ಎಂದು ನೀವು ಕೇಳಬಹುದು. ಒಮ್ಮೆ, ಮಳೆ ಹೊಳವಾದಾಗ, ಏಳನೇ ನಂಬರಿಗೆ ಹೋಗಿದ್ದೆ. ಬೂದು ನೀರು, ದಡದ ತುಂಬ ಮುರಿದ ಕೊಂಬೆ. ಈಜುವ ಆನೆ ಎಂದು ಹೆಸರಾಗಿದ್ದ ರಾಜನ್ ಓಡಾಡುತ್ತಿದ್ದ ತೀರ ಅದು. ಮರ ಎಳೆಯಲು ತಂದ ಆನೆ. ಮರ ಕಡಿಯುವುದು ನಿಂತ ಮೇಲೆ ಅಲ್ಲೇ ಉಳಿದು, ಆ ವರ್ಷ ಆಗಸ್ಟಿನಲ್ಲಿ ಸತ್ತಿತ್ತು. ಹತ್ತು ನಿಮಿಷ ನಿಂತು ವಾಪಸು ಬಂದೆ, ಅಡಿಕೆ ತಿರುವುವುದಿತ್ತು.

ಶುಕ್ರವಾರ 9ಕ್ಕೆ ಗಾಳಿ ಇಳಿಯಿತು. ಮೊದಲು ಹೆಲಿಕಾಪ್ಟರುಗಳ ಸದ್ದು, ಆಮೇಲೆ ಜೆಟ್ಟಿಯಲ್ಲಿ ಹೆಸರು ಕೂಗುವ ಸದ್ದು. ಹ್ಯಾವ್ಲಾಕ್, ನೀಲ್ ಎರಡೂ ಸೇರಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡಿದ್ದರು. ಕಾಯಿಲೆಯವರು, ಮುದುಕರು, ಮಕ್ಕಳು ಮೊದಲು. ನನ್ನ ಸರದಿ ಹತ್ತಿರವಾದಾಗ ಮಾಸಿಮಾ ಪುಸ್ತಕ ತೆಗೆದು ಕೂಡಿಸಿದರು: ಒಟ್ಟು 1730 ರೂಪಾಯಿ. ಕೊನೆಯ ದಿನಗಳ ಬಾಡಿಗೆ ಪುಸ್ತಕದಲ್ಲಿ ಕಾಣಲಿಲ್ಲ, ಕೇಳಿದರೆ ಸುಮ್ಮನಿರು ಅಂದರು. ನಾನು ಆ ಗುಲಾಬಿ ನೋಟು ಕೊಟ್ಟೆ. ಕೊಡಲು ಅವರ ಹತ್ತಿರ ಚಿಲ್ಲರೆ ಇಲ್ಲ. ಇಟ್ಟುಕೊಳ್ಳಿ ಅಂದೆ. ಅವರು ಒಪ್ಪಲಿಲ್ಲ. ಒಳಗೆ ಹೋಗಿ, ಮಳೆಗೆ ಮೊದಲೇ ಒಣಗಿ ಸುಲಿದಿಟ್ಟಿದ್ದ ಅಡಿಕೆಯನ್ನು ತಂದು, ಕೈಯಳತೆಯಲ್ಲಿ ತೂಗಿ ನೋಡಿ, ಇನ್ನೊಂದು ಹಿಡಿ ಸೇರಿಸಿ, ಬಟ್ಟೆಯಲ್ಲಿ ಕಟ್ಟಿ ನನ್ನ ಚೀಲಕ್ಕೆ ತುರುಕಿದರು. ಬಾಕಿ 270ರ ಲೆಕ್ಕ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಪೋರ್ಟ್ ಬ್ಲೇರಿಗೆ ಬಂದು, ದಿಗ್ಲಿಪುರಕ್ಕೆ ಹೋಗಿಬರುವಷ್ಟು ದಿನ ಉಳಿದಿಲ್ಲವೆಂದು ಆ ಕಾಲಂಗೂ ಗೀಟು ಹೊಡೆದು, ಸೋಮವಾರ 12ರಂದು ವಿಮಾನ ನಿಲ್ದಾಣಕ್ಕೆ ಹೋದರೆ ಚೆನ್ನೈ ನಿಲ್ದಾಣವನ್ನೇ ಮುಚ್ಚಿದ್ದಾರೆ ಎಂದರು. ವರ್ದಾ ನನಗಿಂತ ಮೊದಲು ಅಲ್ಲಿಗೆ ಹೋಗಿ ಇಳಿದಿತ್ತು, ಸಾವಿರಾರು ಮರ ಉರುಳಿಸಿತ್ತು. ಹ್ಯಾವ್ಲಾಕಿನಿಂದ ಹೊರಟು 12ಕ್ಕೆ ಸರಿಯಾಗಿ ಚೆನ್ನೈ, 13ಕ್ಕೆ ಬೆಂಗಳೂರಿನ ಕಡೆ ಮಳೆ. ನಾನು ಹಾಕಿದ ಪ್ಲಾನನ್ನು ತಾರೀಕು ತಪ್ಪದೆ ಪಾಲಿಸಿದ್ದು ಆ ಚಂಡಮಾರುತ ಒಂದೇ.

ಹೋಗುವವರು ನನ್ನಿಂದ ಏನಾದರೂ ತಿಳಿದುಕೊಳ್ಳುವುದಿದ್ದರೆ ಇಷ್ಟು: ಬೋಟು ಇಳಿದ ದಿನವೇ ವಿಮಾನ ಹತ್ತುವ ಲೆಕ್ಕ ಹಾಕಬೇಡಿ, ನಡುವೆ ಎರಡು ರಾತ್ರಿಯಾದರೂ ಬಿಡಿ, ಚಿಕ್ಕ ನೋಟು ಇಟ್ಟುಕೊಳ್ಳಿ, ದಿನಾ ನುಂಗುವ ಮಾತ್ರೆಯಿದ್ದರೆ ಒಂದು ವಾರಕ್ಕೆ ಹೆಚ್ಚಾಗಿಯೇ ಒಯ್ಯಿರಿ. ಸಿಕ್ಕಿಬಿದ್ದವರಲ್ಲಿ ನಿಜಕ್ಕೂ ಕಷ್ಟಪಟ್ಟವರು ಸಕ್ಕರೆ ಕಾಯಿಲೆಯವರು. ಉಳಿದ ನಾವೆಲ್ಲ ಬರೀ ಗಲಾಟೆ ಮಾಡಿದವರು.

ಮುದ್ರಣಾಲಯದಲ್ಲಿ ನಾಲ್ಕು ದಿನದ ಸಂಬಳ ಹೋಯಿತು. ಆ ತಿಂಗಳ ಕೊನೆಗೆ ಊರಿಗೆ ಹೋದೆ, ಹೊಳೆಬಾಗಿಲಿನಲ್ಲಿ ಒಂದು ಗಂಟೆ ಕಾದೆ. ಮನೆಯಲ್ಲಿ ಬಟ್ಟೆಯ ಗಂಟು ಬಿಚ್ಚಿ ಅಪ್ಪನ ಮುಂದಿಟ್ಟು, ಎಲ್ಲಿಯದು ಹೇಳಿ ನೋಡೋಣ ಅಂದೆ. ಅವರು ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಿಳಿಯನ್ನು ಬಾಗಿಲ ಬೆಳಕಿಗೆ ಹಿಡಿದರು. ಒಂದು ಹೋಳು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದರು.

‘ಜಾತಿ ಒಳ್ಳೇದೇ’ ಅಂದರು. ‘ಆದ್ರೆ ಇನ್ನೊಂದು ನಾಲ್ಕು ದಿನ ಬಿಸಿಲು ಬೇಕಿತ್ತು ಮಾರಾಯ.’